ಸೈಲೆನ್ಸರಿನ ಹೊಟ್ಟೆಯೊಳಗೆ

2023ರ ಅಕ್ಟೋಬರ್ ಕೊನೆಗೆ ಮುಂಬೈ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮರೆಯಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ಇಲ್ಲಿನ ತಾಡ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ 20 ವರ್ಷವಷ್ಟೇ ಆಯುಸ್ಸು ಎಂಬ ನಿಯಮ, ಲೆಕ್ಕ ಮುಗಿಯಿತು. ಪೇಪರಿನವರು ಕಪ್ಪು-ಹಳದಿ ಬಣ್ಣದ ಬಗ್ಗೆ ಬರೆದರು, ತಲೆಮೇಲಿನ ಕ್ಯಾರಿಯರ್, ಸ್ಟೇರಿಂಗ್ ಪಕ್ಕದ ಗೇರು, ಒಳಗಿನ ಹೂವಿನ ರೆಕ್ಸಿನ್ ಬಗ್ಗೆ ಬರೆದರು. ಅದರ ಸದ್ದಿನ ಬಗ್ಗೆ ಮಾತ್ರ ನಾನು ಓದಿದ್ದರಲ್ಲಿ ಯಾರೂ ಬರೆದಿರಲಿಲ್ಲ. ನಲವತ್ತು ವರ್ಷ ಈ ಊರಲ್ಲಿ ಆ ಸದ್ದು ಕೇಳಿಕೊಂಡು ಮಲಗಿ ಎದ್ದವನಿಗೆ ಇದು ಸ್ವಲ್ಪ ಅನ್ಯಾಯ ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ಸದ್ದು ಹುಟ್ಟುವುದು ಹೇಗೆ ನೋಡಿ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದ ಮೇಲೆ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ, ಒಳಗೆ ಒತ್ತಿಕೊಂಡಿದ್ದ ಬಿಸಿ ಗಾಳಿ ಒಮ್ಮೆಲೇ ಹೊರಗೆ ನುಗ್ಗುತ್ತದೆ. ಅದೊಂದು ಹೊಡೆತ. ನಾಲ್ಕು ಸಿಲಿಂಡರಿನ ಫೋರ್-ಸ್ಟ್ರೋಕ್ ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ ಇಂಥ 100 ಹೊಡೆತ. ಕಿವಿಗೆ ಅವು ಬಿಡಿಬಿಡಿಯಾಗಿ ಕೇಳುವುದಿಲ್ಲ, ಕೂಡಿಕೊಂಡು ಒಂದು ಗುಂಯ್ ಎನ್ನುವ ಸ್ವರವಾಗುತ್ತದೆ. ಬುಲೆಟ್ಟಿಗೆ ಒಂದೇ ಸಿಲಿಂಡರ್. ನಿಂತಲ್ಲಿ 900 ಸುತ್ತು ತಿರುಗಿದರೆ ಸೆಕೆಂಡಿಗೆ ಏಳೆಂಟೇ ಹೊಡೆತ. ಒಂದೊಂದೂ ಬೇರೆ ಬೇರೆ ಕೇಳುತ್ತದೆ, ಡುಗು ಡುಗು ಅಂತ. ಜನ ದುಡ್ಡು ಕೊಟ್ಟು ಕೊಳ್ಳುವುದು ಆ ಲೆಕ್ಕವನ್ನೇ!

ಈ ಹೊಡೆತವನ್ನು ಪಳಗಿಸುವ ಡಬ್ಬಿಯ ಚರಿತ್ರೆ ಕಾರಿನ ಚರಿತ್ರೆಯಷ್ಟೇ ಹಳೆಯದು. ಅಮೆರಿಕದ ಇಂಡಿಯಾನಾದ ಮಿಲ್ಟನ್ ರೀವ್ಸ್ ಮತ್ತು ಅವನ ಅಣ್ಣತಮ್ಮ 1897ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆಮೇಲೆ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಕಾರಿನ ಇಂಜಿನಿಯರ್ 1909ರಲ್ಲಿ ಬಂದೂಕಿಗೆ ಸೈಲೆನ್ಸರ್ ಪೇಟೆಂಟ್ ತೆಗೆದುಕೊಂಡ. ಎರಡರ ತತ್ವವೂ ಹತ್ತಿರ ಹತ್ತಿರವೇ. ನುಗ್ಗಿ ಬರುವ ಗಾಳಿಗೆ ಅಗಲವಾದ ಕೋಣೆ ಕೊಡು, ತೂತಿನ ಪೈಪುಗಳಲ್ಲಿ ಸುತ್ತಾಡಿಸು, ದಣಿಸಿ ಹೊರಗೆ ಬಿಡು. ಅಮೆರಿಕದವರು ಅದನ್ನು ಮಫ್ಲರ್ ಅಂದರು. ನಾವು ಬ್ರಿಟಿಷರ ಬಾಯಿಂದ ಕಲಿತು ಸೈಲೆನ್ಸರ್ ಅಂದೆವು.

ಡಬ್ಬಿ ಬಂದ ಕೂಡಲೇ ಅದನ್ನು ಬೇಡ ಅನ್ನುವವರೂ ಹುಟ್ಟಿಕೊಂಡರು. 1910ರ ಆಸುಪಾಸಿನಲ್ಲಿ 'ಕಟ್-ಔಟ್' ಅಂತ ಒಂದು ಸಾಮಾನು ಮಾರುತ್ತಿದ್ದರು. (ನಮ್ಮ ರಾಜಕಾರಣಿಗಳ ಕಟೌಟ್ ಅಲ್ಲ.) ಸೈಲೆನ್ಸರಿಗಿಂತ ಮುಂಚೆ ಪೈಪಿನಲ್ಲಿ ಒಂದು ಬಾಗಿಲು, ಕಾಲಲ್ಲಿ ಪೆಡಲು ತುಳಿದರೆ ಅದು ತೆರೆದು ಹೊಗೆ ನೇರವಾಗಿ ಆಚೆ ಹೋಗುತ್ತದೆ. ಗುಡ್ಡ ಹತ್ತುವಾಗ ಬಲ ಬರುತ್ತದೆ, ಯಾವ ಸಿಲಿಂಡರ್ ಉರಿಯುತ್ತಿಲ್ಲ ಎಂದು ಕಿವಿಯಲ್ಲೇ ತಿಳಿಯುತ್ತದೆ ಎಂಬುದು ಹೇಳಿಕೆ. ಎರಡನೆಯದು ನಿಜ. ಆದರೆ ಊರೊಳಗೂ ಅದನ್ನೇ ತುಳಿಯತೊಡಗಿದರು, ಅಮೆರಿಕದ ಎಷ್ಟೋ ಊರುಗಳು ನಿಷೇಧ ಹಾಕಬೇಕಾಯಿತು. ಮುಂದೆ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡುಗಳಿಗೆ ಗಾಜಿನ ನಾರು ತುಂಬಿದ ನೇರ ಸೈಲೆನ್ಸರ್ ಹಾಕಿ ಹೊಸ ಗುಡುಗು ಹುಡುಕಿಕೊಂಡರು. ಈಗ ನಮ್ಮ ಬೀದಿಯ ಹುಡುಗ ಮಾಡುವುದಕ್ಕೆ ನೂರು ವರ್ಷದ ಪರಂಪರೆ ಇದೆ ಅನ್ನಿ.

ಮುಂಬೈಗೆ ಬರುತ್ತೇನೆ. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಇದ್ದದ್ದು ಕುರ್ಲಾದಲ್ಲಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಬಂತು, ಅದೇ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರಾಯಿತು. ಇಂಜಿನ್ನು 1089 ಸಿಸಿ. ಕಾರು ಹುಟ್ಟಿದ ಕುರ್ಲಾದಲ್ಲೇ ಅದನ್ನು ಬಿಚ್ಚಿ ಮಾರುವ ಪೇಟೆಯೂ ಬೆಳೆಯಿತು. ಸಿಎಸ್‌ಟಿ ರೋಡಿನುದ್ದಕ್ಕೂ ಹಳೇ ಬಾಗಿಲು, ಗೇರ್‌ಬಾಕ್ಸು, ತುಕ್ಕು ಹಿಡಿದ ಪೈಪುಗಳ ರಾಶಿ. ನನ್ನ ಹಳೇ ಫಿಯೆಟ್ಟಿಗೆ ಬೇಕಾದ್ದು ಅಲ್ಲೇ ಸಿಗುತ್ತಿತ್ತು. ಅಲ್ಲಿನ ಒಬ್ಬ ಉಸ್ತಾದರು ಹರಕು ಹಿಂದಿಯ ನನಗೆ ಸೈಲೆನ್ಸರ್ ವಿದ್ಯೆ ಕಲಿಸಿದರು.

ಯಾವ ಕಂಪನಿಯ ಕಾರೇ ಆಗಲಿ, ಆ ಕಾಲದ ಸಾದಾ ಕಬ್ಬಿಣದ ಸೈಲೆನ್ಸರ್ ಒಳಗಿನಿಂದಲೇ ಸಾಯುತ್ತಿತ್ತು. ಕಾರಣ ನೀರು. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಅಂದರೆ ನಂಬುತ್ತೀರಾ? ಆವಿಯಾಗಿ ಹೋಗುತ್ತದೆ ಸರಿ, ಆದರೆ ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ ಓಡುವ ಕಾರಿನ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಆವಿ ಒಳಗೇ ತಣ್ಣಗಾಗಿ ನಿಲ್ಲುತ್ತದೆ. ಹೊರಗಿನಿಂದ ಮುಂಬೈಯ ನಾಲ್ಕು ತಿಂಗಳ ಮಳೆ, ಸಮುದ್ರದ ಉಪ್ಪುಗಾಳಿ. ಒಂದು ದಿನ ಪುಸ್ಸ್ ಎನ್ನುವ ಸಣ್ಣ ಸದ್ದು, ವಾರದಲ್ಲಿ ಅದು ಪಟಪಟ, ತಿಂಗಳಲ್ಲಿ ಲಾರಿ. ನಮ್ಮಾಕೆ ಹೇಳುತ್ತಿದ್ದಳು, "ರೀ, ನೀವು ನಾಕಾ ತಿರುಗಿದಾಗಲೇ ಗೊತ್ತಾಗುತ್ತೆ, ಅನ್ನಕ್ಕಿಡ್ತೀನಿ."

ಭಾನುವಾರ ಸೊಸೈಟಿಯ ಅಂಗಳದಲ್ಲಿ ನಮ್ಮ ಕೆಲಸ. ಜಾಕಿ ಏರಿಸಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ಕಾರನ್ನು ಕೂರಿಸದೆ ಅಡಿಗೆ ತೂರಬಾರದು, ಇದು ಉಸ್ತಾದರ ಮೊದಲ ಪಾಠ. ಎರಡನೆಯದು, ಒದ್ದೆ ಬಟ್ಟೆಯಿಂದ ಹಿಂದಿನ ಪೈಪಿನ ಬಾಯಿ ಅರೆಗಳಿಗೆ ಒತ್ತಿ ಹಿಡಿ, ಸೋರುವ ಜಾಗ ತಾನೇ ಬುಸುಗುಟ್ಟುತ್ತದೆ. ಸಣ್ಣ ತೂತಾದರೆ ಎಣ್ಣೆ ಡಬ್ಬದ ತಗಡು ಸುತ್ತಿ ಕ್ಲ್ಯಾಂಪು ಬಿಗಿ. ಒಳಗೆ ಆಸ್ಬೆಸ್ಟಾಸ್ ಬಟ್ಟೆ ಕೊಡುತ್ತಿದ್ದರು, ಅದರ ಧೂಳು ಶ್ವಾಸಕೋಶ ತಿನ್ನುತ್ತದೆಂದು ಆ ಅಂಗಡಿಗಳಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ದೊಡ್ಡದಾದರೆ ಗ್ಯಾಸ್ ವೆಲ್ಡಿಂಗ್. ಬೆಳಗಿನ ತಂಪಿನಲ್ಲಿ ಮಾತ್ರ ಟಿಕ್ ಟಿಕ್ ಅಂದು, ಇಂಜಿನ್ ಕಾದ ಮೇಲೆ ನಿಂತರೆ ಟ್ಯಾಪೆಟ್ಟನ್ನು ಬೈಯಬೇಡ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ನೋಡು. ಲೋಹ ಕಾದು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ.

ಈ ಸೋರಿಕೆಯನ್ನು ನಾವು ತಮಾಷೆ ಎಂದುಕೊಳ್ಳುತ್ತಿರಲಿಲ್ಲ. ಹಿಂದೆ ತೂತಾದರೆ ಬರೀ ಸದ್ದು. ಮುಂದೆ, ಕೂರುವ ಜಾಗದ ಕೆಳಗೆ ತೂತಾದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗೆ ಗಾಜು ಏರಿಸಿ ಟ್ರಾಫಿಕ್ಕಿನಲ್ಲಿ ನಿಂತಾಗ ಮೊದಲು ತಲೆನೋವು, ಆಮೇಲೆ ನಿದ್ದೆ. ಹಳೇ ಕಾರಿನ ಸದ್ದು ಒಂದು ರೀತಿ ಕಾವಲುಗಾರ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಅದರ ಬದಲಾವಣೆ ಕೇಳಿಸಲೇಬೇಕಿತ್ತು.

'ಹೊಟ್ಟೆ ತೆಗೆಸುವ' ಚಪಲ ಆಗಲೂ ಇತ್ತು. ಒಳಗಿನ ತಟ್ಟೆಗಳನ್ನು ಕಿತ್ತು ನೇರ ಪೈಪು ಕೂರಿಸಿದರೆ ಕಾರು ಹಾರುತ್ತದೆಂಬ ನಂಬಿಕೆ. ಮದ್ರಾಸಿನ ಹತ್ತಿರ ಶೋಲಾವರಂ ರೇಸಿನಲ್ಲಿ ಫಿಯೆಟ್ಟುಗಳು ಓಡುತ್ತಿದ್ದವಲ್ಲ, ಅಲ್ಲಿನ ಗಾಳಿ. ರೇಸಿನವರು ಪೈಪಿನ ಉದ್ದ ಲೆಕ್ಕಹಾಕಿ, 1 ಮತ್ತು 4ನೇ ಸಿಲಿಂಡರ್ ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ ಮಾಡಿ, ಒಂದರ ಹೊಡೆತ ಇನ್ನೊಂದರ ಹೊಗೆಯನ್ನು ಎಳೆಯುವಂತೆ ಮಾಡುತ್ತಾರೆ. ಕಾರ್ಬುರೇಟರ್, ಕ್ಯಾಮ್ ಎಲ್ಲ ಅದಕ್ಕೆ ಹೊಂದಬೇಕು. ಬರೀ ಡಬ್ಬಿ ಬಗೆದರೆ ಸಿಗುವುದು ಸದ್ದು ಮಾತ್ರ. ಸದ್ದು ಹೆಚ್ಚಾದಾಗ ವೇಗ ಹೆಚ್ಚಾಯಿತೆಂದು ಮನಸ್ಸು ಹೇಳುತ್ತದೆ, ಸ್ಪೀಡೋಮೀಟರ್ ಹೇಳುವುದಿಲ್ಲ.

ಸದ್ದು ನಿಜವಾಗಿ ಬದಲಾದದ್ದು ಎರಡು ಕಾರಣಕ್ಕೆ. 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಜೊತೆಗೆ ಸೀಸವಿಲ್ಲದ ಪೆಟ್ರೋಲು. ಹೊಗೆ ತೊಳೆಯಲು ಇಟ್ಟ ಆ ಜೇನುಗೂಡಿನಂಥ ಇಟ್ಟಿಗೆ ಸದ್ದನ್ನೂ ಒಂದಿಷ್ಟು ನುಂಗಿತು. ಎರಡನೆಯದು ಸಿಎನ್‌ಜಿ. ಹೊಗೆಯಿಂದ ಬೇಸತ್ತ ನಿವಾಸಿಗಳು ಬಾಂಬೆ ಹೈಕೋರ್ಟಿಗೆ ಹೋದರು, 1999ರ ನಂತರ ಕೋರ್ಟಿನ ಆದೇಶಗಳಿಂದ ಹಳೇ ಟ್ಯಾಕ್ಸಿಗಳು ಗ್ಯಾಸಿಗೆ ತಿರುಗಿದವು. ಆಕಾಶಕ್ಕೆ ಒಳ್ಳೆಯದಾಯಿತು. ಸೈಲೆನ್ಸರಿಗೆ ಆಗಲಿಲ್ಲ. ಒಂದು ಕಿಲೋ ಮೀಥೇನ್ ಉರಿದರೆ ಎರಡು ಕಿಲೋಗಿಂತ ಹೆಚ್ಚು ನೀರು! ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಟ್ಯಾಕ್ಸಿಗಳ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ಪಾರ್ಕ್ ಸರಿಯಿಲ್ಲದಿದ್ದರೆ ಉರಿಯದ ಗ್ಯಾಸು ಸೈಲೆನ್ಸರಿನೊಳಗೆ ಸೇರಿ ಢಂ ಎಂದು ಹೊತ್ತಿ ಹೊಲಿಗೆಯೇ ಬಿಚ್ಚಿಕೊಳ್ಳುತ್ತಿತ್ತು. ಡ್ರೈವರು ತಂತಿ ಸುತ್ತಿ ಮತ್ತೆ ಹೊರಡುತ್ತಿದ್ದ. ಆದರೆ ಇದನ್ನೂ ಹೇಳಬೇಕು, ನಮ್ಮ ಓಣಿಯಲ್ಲಿದ್ದ ಇಬ್ಬರು ಡ್ರೈವರುಗಳು ರಾತ್ರಿ ಎರಡಕ್ಕೆ ಬಂದಾಗ ತಿರುವಿನಲ್ಲೇ ಇಂಜಿನ್ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ ತಳ್ಳಿಕೊಂಡು ಬರುತ್ತಿದ್ದರು. ಯಾವ ಕಾನೂನೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಡೆಸಿಬೆಲ್ ಲೆಕ್ಕ ಮೋಸದ್ದು, 10 ಏರಿದರೆ ಶಕ್ತಿ ಹತ್ತು ಪಟ್ಟು. ಆಸ್ಪತ್ರೆಯ ಮುಂದೆ ಹೊಟ್ಟೆ ಬಗೆದ ಬುಲೆಟ್ ಹಾದುಹೋದಾಗ ಒಳಗೆ ಮಲಗಿದವರಿಗೆ ಏನಾಗುತ್ತದೆಂದು ಅಲ್ಲಿ ರಾತ್ರಿ ಕಳೆದವರನ್ನು ಕೇಳಿ. ಪೊಲೀಸರು ಅಂಥ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಚಿತ್ರ ನೋಡಿದಾಗ ನನಗೆ ಎಳ್ಳಷ್ಟೂ ಮರುಕ ಬರುವುದಿಲ್ಲ.

ತಮಾಷೆ ಏನೆಂದರೆ, ಕಾರುಗಳು ತಣ್ಣಗಾದಂತೆ ಕಂಪನಿಗಳೇ ಸದ್ದು ಮಾರತೊಡಗಿದವು. 2011ರ ಬಿಎಂಡಬ್ಲ್ಯೂ ಎಂ5 ಕಾರಿನಲ್ಲಿ ಇಂಜಿನ್ನಿನ ಗರ್ಜನೆ ಸ್ಪೀಕರಿನಿಂದ ಒಳಗೆ ಬರುತ್ತಿತ್ತು. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಹೋಗುವಾಗ ಕೃತಕ ಸದ್ದು ಮಾಡಲೇಬೇಕು, ಇಲ್ಲದಿದ್ದರೆ ಕುರುಡರಿಗೆ, ಮುದುಕರಿಗೆ ಅದು ಬಂದದ್ದೇ ತಿಳಿಯುವುದಿಲ್ಲ.

ಇದನ್ನು ಉಸ್ತಾದರಿಗೆ ಹೇಳಿದಾಗ ಎರಡು ಸಲ ಹೇಳಬೇಕಾಯಿತು. ನಲವತ್ತು ವರ್ಷ ತಗಡು ಬಡಿದು, ತೆರೆದ ಪೈಪಿನ ಪಕ್ಕ ಕೂತು, ಬಲಗಿವಿ ಪೂರ್ತಿ ಹೋಗಿದೆ. ಈಗಲೂ ಯಾರಾದರೂ ಹಳೇ ಗಾಡಿ ತಂದರೆ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿ ಕಣ್ಣು ಮುಚ್ಚುತ್ತಾರೆ. ಮಗ ಪಕ್ಕದಲ್ಲೇ ಸ್ಕ್ಯಾನರ್ ಹಿಡಿದು ನಿಂತಿರುತ್ತಾನೆ, ಆದರೆ ಆ ಹಳೇ ಗಾಡಿಗಳಲ್ಲಿ ಅದನ್ನು ಚುಚ್ಚಲು ಜಾಗವೇ ಇಲ್ಲ.