ಎಫ್‌ಎಂ ಪ್ರಸಾರದ ವ್ಯಾಪ್ತಿ: ಶಕ್ತಿ, ಎತ್ತರ ಮತ್ತು ಧ್ರುವೀಕರಣ

ಕೊಡೈಕೆನಾಲ್ ಬೆಟ್ಟದ ಮೇಲಿರುವ ಆಕಾಶವಾಣಿ ಎಫ್‌ಎಂ ಕೇಂದ್ರದ (100.5 ಮೆಗಾಹರ್ಟ್ಸ್) ಪ್ರೇಷಕದ ಶಕ್ತಿ 10 ಕಿಲೋವಾಟ್. ಅಷ್ಟೇ ಶಕ್ತಿಯ ಪ್ರೇಷಕಗಳು ಬಯಲಿನ ನಗರಗಳಲ್ಲೂ ಇವೆ. ಆದರೂ ಕೊಡೈಕೆನಾಲ್‌ನ ದನಿ ತಮಿಳುನಾಡಿನ ಹಲವು ಜಿಲ್ಲೆಗಳನ್ನು ತಲುಪುತ್ತದೆ, ಬಯಲಿನ ಕೇಂದ್ರದ ದನಿ ಬಹುಬೇಗ ಕರಗಿಹೋಗುತ್ತದೆ. ವ್ಯತ್ಯಾಸ ಕಿಲೋವಾಟ್‌ನಲ್ಲಿಲ್ಲ, ಎತ್ತರದಲ್ಲಿದೆ.

ಮಧ್ಯಮ ತರಂಗದ ಪ್ರಸಾರ ನೆಲವನ್ನು ಅನುಸರಿಸಿ ಬಾಗುತ್ತಾ ಸಾಗುತ್ತದೆ. 88ರಿಂದ 108 ಮೆಗಾಹರ್ಟ್ಸ್ ವಲಯದ ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರ ಗೆರೆಯಲ್ಲಿ ಚಲಿಸುತ್ತವೆ. ವಾತಾವರಣ ಅವನ್ನು ತುಸು ಬಾಗಿಸುವುದರಿಂದ ಬಾನುಲಿಯ ದಿಗಂತ ಕಣ್ಣಿನ ದಿಗಂತಕ್ಕಿಂತ ಕೊಂಚ ದೂರ. ಮೀಟರ್‌ಗಳಲ್ಲಿ ಅಳೆದ ಆಂಟೆನಾ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. 100 ಮೀಟರ್ ಗೋಪುರಕ್ಕೆ 41 ಕಿ.ಮೀ., ಬಯಲಿಗಿಂತ 2,000 ಮೀಟರ್ ಎತ್ತರದ ಬೆಟ್ಟಕ್ಕೆ 184 ಕಿ.ಮೀ. ದಿಗಂತದಾಚೆಗೂ ಅಲೆ ಸ್ವಲ್ಪ ಹರಿಯುತ್ತದೆ, ಆದರೆ ತೀವ್ರವಾಗಿ ಕುಗ್ಗುತ್ತದೆ.

ಶಕ್ತಿಯನ್ನು ಇಮ್ಮಡಿಗೊಳಿಸಿದರೆ ವ್ಯಾಪ್ತಿಯೂ ಇಮ್ಮಡಿಯಾಗುತ್ತದೆ ಎಂಬ ನಂಬಿಕೆ ಸಾಮಾನ್ಯ. ಅದು ತಪ್ಪು. ಅಲೆಯ ಕ್ಷೇತ್ರಬಲವು ಶಕ್ತಿಯ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲೇ ದೂರ ಇಮ್ಮಡಿಯಾಗಲು ಕನಿಷ್ಠ ನಾಲ್ಕು ಪಟ್ಟು ಶಕ್ತಿ ಬೇಕು. ದಿಗಂತದಾಚೆ ಅದೂ ಸಾಲದು. ಹೆಚ್ಚಿನ ಶಕ್ತಿಯ ನಿಜವಾದ ಲಾಭ ಬೇರೆಡೆ ಇದೆ. ಅದು ಕಾಂಕ್ರೀಟ್ ಗೋಡೆಗಳ ಒಳಗೆ ಹೊಕ್ಕು ಅಡುಗೆಮನೆಯ ರೇಡಿಯೋವನ್ನು ಮುಟ್ಟುತ್ತದೆ, ಹೆಚ್ಚು ಬಲವಾದ ಸಂಕೇತ ಬೇಡುವ ಸ್ಟೀರಿಯೋ ಶಬ್ದವನ್ನು ನಿರ್ಮಲವಾಗಿಸುತ್ತದೆ. ಅಂದಹಾಗೆ, ಕೇಂದ್ರಗಳು ಹೇಳಿಕೊಳ್ಳುವ ಅಂಕಿ ಪ್ರೇಷಕದ್ದೋ ಪರಿಣಾಮಕಾರಿ ವಿಕಿರಣ ಶಕ್ತಿಯದೋ ಎಂಬುದನ್ನೂ ಗಮನಿಸಬೇಕು. ಆರು ಹಂತದ ಆಂಟೆನಾ ಬಳಸಿದರೆ ಆಕಾಶಕ್ಕೂ ನೆಲಕ್ಕೂ ಪೋಲಾಗುವ ಶಕ್ತಿ ದಿಗಂತದ ಕಡೆ ತಿರುಗಿ, 3 ಕಿಲೋವಾಟ್ ಪ್ರೇಷಕವೂ ಸುಮಾರು 9 ಕಿಲೋವಾಟ್‌ನಂತೆ ಕೆಲಸ ಮಾಡಬಲ್ಲದು.

ಇನ್ನು ಧ್ರುವೀಕರಣ. ಅಲೆಯ ವಿದ್ಯುತ್ ಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿ ಅಲುಗಿದರೆ ಅದು ಅಡ್ಡ ಧ್ರುವೀಕರಣ, ಲಂಬವಾಗಿ ಅಲುಗಿದರೆ ಲಂಬ ಧ್ರುವೀಕರಣ. ಪ್ರೇಷಕದ್ದು ಅಡ್ಡವಾಗಿದ್ದು ಕೇಳುಗನ ಆಂಟೆನಾ ನೆಟ್ಟಗೆ ನಿಂತಿದ್ದರೆ ಸಂಕೇತದ ದೊಡ್ಡ ಪಾಲು ನಷ್ಟ. ಬಿಬಿಸಿ 1955ರ ಮೇ 2ರಂದು ಕೆಂಟ್ ಪ್ರಾಂತ್ಯದ ರೋಥಮ್‌ನಿಂದ ಎಫ್‌ಎಂ ಆರಂಭಿಸಿದಾಗ ಆಯ್ದದ್ದು ಅಡ್ಡ ಧ್ರುವೀಕರಣವನ್ನು. ಅಂದಿನ ಕೇಳುಗ ಮನೆಯ ಛಾವಣಿಯ ಮೇಲೆ ಅಡ್ಡ ಕೊಳವೆಯ ಆಂಟೆನಾ ಕಟ್ಟುತ್ತಿದ್ದ. ಮುಂದೆ ಕಾರಿನ ನೆಟ್ಟಗಿನ ಕಡ್ಡಿಯೂ ಟ್ರಾನ್ಸಿಸ್ಟರ್‌ನ ಎಳೆಯುವ ಕಡ್ಡಿಯೂ ಬಂದವು. 1980ರ ದಶಕದಲ್ಲಿ ಬಿಬಿಸಿ ತನ್ನ ಕೇಂದ್ರಗಳನ್ನು ಮಿಶ್ರ ಧ್ರುವೀಕರಣಕ್ಕೆ ಬದಲಾಯಿಸಬೇಕಾಯಿತು. ಅಮೆರಿಕದ ಕೇಂದ್ರಗಳು ಇದೇ ಕಾರಣಕ್ಕೆ ವೃತ್ತಾಕಾರದ ಧ್ರುವೀಕರಣವನ್ನು ಒಪ್ಪಿಕೊಂಡವು. ಇದಕ್ಕೆ ಬೆಲೆಯೂ ಉಂಟು. ಶಕ್ತಿ ಎರಡು ದಿಕ್ಕಿಗೂ ಅರ್ಧರ್ಧ ಹಂಚಿಹೋಗುವುದರಿಂದ ಪ್ರತಿ ದಿಕ್ಕಿನಲ್ಲೂ ಮೊದಲಿನಷ್ಟೇ ಬಲ ಉಳಿಯಬೇಕಾದರೆ ಇಮ್ಮಡಿ ಶಕ್ತಿ ಬೇಕು.

ನಗರದ ಎತ್ತರದ ಕಟ್ಟಡಗಳ ನಡುವಿನ ಪ್ರತಿಫಲನಕ್ಕೆ ಮಾತ್ರ ಇವು ಯಾವುವೂ ಪೂರ್ಣ ಮದ್ದಲ್ಲ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಸಿಗ್ನಲ್ ಬಳಿ ನಿಂತ ಕಾರಿನಲ್ಲಿ ಕರಕರ ಎನ್ನುವ ರೇಡಿಯೋ ಒಂದು ಮೀಟರ್ ಮುಂದೆ ಸರಿದೊಡನೆ ಸ್ಪಷ್ಟವಾಗುವುದು ಇದರಿಂದಲೇ.

ಈ ಲೆಕ್ಕಾಚಾರದ ಬಿಸಿ ಹೆಚ್ಚು ತಟ್ಟುವುದು ಸಮುದಾಯ ಬಾನುಲಿಗಳಿಗೆ. ಭಾರತದ 2006ರ ನೀತಿ ಅವಕ್ಕೆ ವಿಧಿಸಿದ ಸಾಮಾನ್ಯ ಮಿತಿ 100 ವಾಟ್ ವಿಕಿರಣ ಶಕ್ತಿ ಮತ್ತು ನೆಲದಿಂದ 30 ಮೀಟರ್ ಎತ್ತರದ ಆಂಟೆನಾ. ನಿರೀಕ್ಷಿತ ವ್ಯಾಪ್ತಿ 5ರಿಂದ 10 ಕಿ.ಮೀ. ಶಕ್ತಿಯನ್ನು ಸುಲಭವಾಗಿ ಏರಿಸಲಾಗದಾಗ ಉಳಿಯುವುದು ಎರಡು ಆಯ್ಕೆ. ಮೊದಲನೆಯದು ಜಾಗ: ತಗ್ಗಿನಲ್ಲಿರುವ ಕಚೇರಿಯ ಛಾವಣಿಗಿಂತ ಊರ ದಿಣ್ಣೆಯ ಮೇಲಿನ ಕಂಬ ಲೇಸು. ಎರಡನೆಯದು ಧ್ರುವೀಕರಣ. ಹಳ್ಳಿಯ ಕೇಳುಗ ಮೊಬೈಲ್‌ನಲ್ಲಿ ಎಫ್‌ಎಂ ಆಲಿಸುವಾಗ ಕಿವಿಯಿಂದ ಇಳಿಬಿದ್ದ ಇಯರ್‌ಫೋನ್ ತಂತಿಯೇ ಆಂಟೆನಾ, ಅದು ಬಹುಮಟ್ಟಿಗೆ ಲಂಬ. ಇಂತಹ ಕಡೆ ಇರುವ ನೂರು ವಾಟ್ ಅನ್ನು ಎರಡಾಗಿ ಒಡೆಯದೆ ಲಂಬ ಧ್ರುವೀಕರಣಕ್ಕೇ ಮೀಸಲಿಡುವುದು ಅಗ್ಗವೂ ಹೌದು, ಫಲದಾಯಕವೂ ಹೌದು.