ಅತ್ತೆಯ ಕನ್ನಡಿ, ಪೈಲಟ್‌ನ ಚೀಟಿ

ನಮ್ಮ ಅತ್ತೆ ಕುಂಕುಮ ಇಟ್ಟುಕೊಳ್ಳುತ್ತಿದ್ದ ಕನ್ನಡಿಯ ನಟ್ಟನಡುವೆ ಶಿಲುಬೆಯ ಆಕಾರದ ತೂತಿತ್ತು. ಅಂಗೈಯಗಲದ ದಪ್ಪ ಗಾಜು. ಹಿಂದೆ ಮುಂದೆ ಎರಡೂ ಕಡೆ ಮುಖ ಕಾಣುತ್ತಿತ್ತು.

“ಅತ್ತೆ, ಇದರ ಮಧ್ಯೆ ಯಾಕೆ ತೂತು?”

“ನಂಗೇನು ಗೊತ್ತೋ, ನಿಮ್ಮ ಮಾವ ಕಾರ್ಖಾನೆಯಿಂದ ತಂದಿದ್ದು. ಎಷ್ಟು ಸಲ ಬಿದ್ದರೂ ಒಡೆದಿಲ್ಲ, ಅದಕ್ಕೇ ಇಟ್ಕೊಂಡಿದೀನಿ.”

ಮಾವನ ಕಾರ್ಖಾನೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ್ದು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಡಕೋಟಾಗಳು, ಬಾಂಬರ್‌ಗಳು ರಿಪೇರಿಗೆ ಸಾಲುಗಟ್ಟಿ ಬರುತ್ತಿದ್ದವು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು. ಮಾವ ಅಲ್ಲಿ ಫಿಟ್ಟರ್.

ಆ ತೂತಿನ ಗುಟ್ಟು ನನಗೆ ತಿಳಿದದ್ದು ನಾನೇ ವಾಯುಪಡೆ ಸೇರಿದ ಮೇಲೆ. ನನ್ನದು ಸೇಫ್ಟಿ ಎಕ್ವಿಪ್‌ಮೆಂಟ್ ವಿಭಾಗ. ಪ್ಯಾರಾಚೂಟ್ ಮಡಿಸುವುದು, ಪೈಲಟ್‌ನ ಸೀಟಿನಡಿಯ ಕಿಟ್ ತುಂಬುವುದು. ಹಳೆಯದೊಂದು ಅಮೆರಿಕನ್ ಕೈಪಿಡಿ ತಿರುವುವಾಗ ಅತ್ತೆಯ ಕನ್ನಡಿಯ ಚಿತ್ರ ಕಂಡಿತು. ಕಾಡಿನಲ್ಲೋ ಕಡಲಲ್ಲೋ ಬಿದ್ದ ಪೈಲಟ್, ಹುಡುಕಲು ಬಂದ ವಿಮಾನವನ್ನು ಆ ತೂತಿನ ಮೂಲಕ ನೋಡಬೇಕು. ತೂತಿನಿಂದ ತೂರಿದ ಬಿಸಿಲು ಅವನ ಕೆನ್ನೆಯ ಮೇಲೆ ಶಿಲುಬೆಯಾಗಿ ಬೀಳುತ್ತದೆ. ಕನ್ನಡಿಯ ಹಿಂಬದಿಯಲ್ಲಿ ಅವನಿಗದು ಕಾಣುತ್ತದೆ. ಆ ಬೆಳಕಿನ ಗುರುತು ತೂತಿನೊಳಗೇ ಸೇರಿ ಮರೆಯಾಗುವವರೆಗೆ ಕನ್ನಡಿಯನ್ನು ಓರೆಮಾಡಬೇಕು. ಮರೆಯಾಯಿತೋ, ಬಿಸಿಲಿನ ಕೋಲು ನೇರ ವಿಮಾನಕ್ಕೆ ಹೊಡೆಯಿತೆಂದೇ ಲೆಕ್ಕ. ಬ್ಯಾಟರಿ ಬೇಡ, ಬೆಂಕಿ ಬೇಡ. ವೃತ್ತಿಯಲ್ಲಿ ನಾನು ಮುಟ್ಟಿದ ಸಾಧನಗಳಲ್ಲಿ ಇಷ್ಟು ಜಾಣತನದ್ದು ಇನ್ನೊಂದಿಲ್ಲ.

ಅತ್ತೆ ತೀರಿಕೊಂಡಾಗ ಆ ಕನ್ನಡಿಯೊಂದನ್ನೇ ಕೇಳಿ ಪಡೆದೆ. ಅದನ್ನಿಡಲು ಅದರದ್ದೇ ಮನೆ ಬೇಕೆನಿಸಿತು. ಅಮೆರಿಕನ್ನರ ಸಿ-1 ವೆಸ್ಟ್ ಹುಡುಕತೊಡಗಿದ್ದು ಹಾಗೆ.

ಸಿ-1 ಎಂದರೆ ಹತ್ತಿಬಟ್ಟೆಯ, ಮೈತುಂಬ ಜೇಬುಗಳ ತೋಳಿಲ್ಲದ ಅಂಗಿ. ಅದಕ್ಕೆ ಮೊದಲು ಬದುಕುಳಿಯುವ ಸಾಮಾನೆಲ್ಲ ಪ್ಯಾರಾಚೂಟ್‌ಗೂ ಬೆನ್ನಿಗೂ ನಡುವೆ ದಿಂಬಿನಂತೆ ಕೂರುತ್ತಿತ್ತು. ಪ್ಯಾರಾಚೂಟ್ ಮರಕ್ಕೆ ಸಿಕ್ಕಿಕೊಂಡು ಪೈಲಟ್ ಪಟ್ಟಿ ಬಿಚ್ಚಿ ಜಾರಿದರೆ ಕಿಟ್ಟೂ ಮೇಲೇ ಉಳಿಯುವ ಅಪಾಯ. ಅಂಗಿಯಾದರೆ ಮೈಮೇಲೇ ಇರುತ್ತದೆ. ಖಾಲಿ ಅಂಗಿ ನನಗೆ ಬೇಗ ಸಿಕ್ಕಿತು. ಜೇಬು ತುಂಬಲು ಹನ್ನೆರಡು ವರ್ಷ ಹಿಡಿಯಿತು. ಗಾಳ ಮತ್ತು ಹೊಲಿಗೆಯ ಸಾಮಾನಿನ ಪುಟ್ಟ ಪೊಟ್ಟಣ, ಸೊಳ್ಳೆ ಪರದೆ, ನೀರಿನ ಚೀಲ, ಬೆಂಕಿಪೊಟ್ಟಣ, ದಿಕ್ಸೂಚಿ. ಪಿಸ್ತೂಲಿನ ಜೇಬನ್ನು ಖಾಲಿ ಬಿಟ್ಟಿದ್ದೇನೆ. ಹೆಚ್ಚಿನ ಸಂಗ್ರಾಹಕರು ಚರ್ಮದ ಜಾಕೆಟ್ಟಿನ ಹಿಂದೆ ಬೀಳುತ್ತಾರೆ. ಪೈಲಟ್‌ನ ಗತ್ತು ಜಾಕೆಟ್ಟಿನಲ್ಲಿದೆ, ನಿಜ. ಆದರೆ ಅವನು ನೆಲಕ್ಕೆ ಬಿದ್ದ ಗಳಿಗೆಯನ್ನು ಯಾರೋ ಮುಂಚೆಯೇ ಕೂತು ಯೋಚಿಸಿದ್ದರು ಎಂಬುದಕ್ಕೆ ಸಾಕ್ಷಿ ಈ ಸೂಜಿ ದಾರ.

ಆ ಯೋಚನೆಯಲ್ಲಿ ಬ್ರಿಟಿಷರು ಮುಂದಿದ್ದರು. 1939ರ ಡಿಸೆಂಬರ್‌ನಲ್ಲಿ ಹುಟ್ಟಿದ ಎಂಐ9 ಎಂಬ ಗುಪ್ತ ವಿಭಾಗದಲ್ಲಿ ಕ್ರಿಸ್ಟೋಫರ್ ಕ್ಲೇಟನ್ ಹಟ್ಟನ್ ಎಂಬ ಅಧಿಕಾರಿ ರೇಷ್ಮೆಯ ಮೇಲೆ ನಕ್ಷೆ ಅಚ್ಚು ಮಾಡಿಸಿದ. ಕಾಗದದ ನಕ್ಷೆ ಸದ್ದು ಮಾಡುತ್ತದೆ, ನೆನೆದರೆ ಹರಿಯುತ್ತದೆ. ರೇಷ್ಮೆಯಲ್ಲೋ ಶಾಯಿ ಹರಡುತ್ತಿತ್ತು. ಹಣ್ಣಿನ ಜಾಮ್ ಗಟ್ಟಿಯಾಗಲು ಕಾರಣವಾಗುವ ಪೆಕ್ಟಿನ್ನನ್ನು ಶಾಯಿಗೆ ಬೆರೆಸಿದಾಗ ಗೆರೆ ನಿಂತಿತು. ಅಂಗಿಯ ಗುಂಡಿಯೊಳಗೂ ಅವನು ದಿಕ್ಸೂಚಿ ಅಡಗಿಸಿದ್ದ.

ನನ್ನ ಸಂಗ್ರಹದಲ್ಲಿ ನನಗೆ ಅತಿ ಪ್ರಿಯವಾದದ್ದು ಮಾತ್ರ ಚೀಟಿ. ಇಂಗ್ಲಿಷಿನವರು ಅದನ್ನು ಬ್ಲಡ್ ಚಿಟ್ ಎನ್ನುತ್ತಾರೆ. ಆ ‘ಚಿಟ್’ ನಮ್ಮ ಕಡೆಯ ಮಾತೇ; ಹಿಂದಿಯ ಚಿಟ್ಠಿ, ನಮ್ಮ ಚೀಟಿ. “ಈತನನ್ನು ಕಾಪಾಡಿ, ನಮ್ಮವರಿಗೆ ಒಪ್ಪಿಸಿ, ಇನಾಮು ಕೊಡುತ್ತೇವೆ” ಎಂಬ ಬೇಡಿಕೆ, ಬಿದ್ದ ನೆಲದ ಭಾಷೆಯಲ್ಲಿ. ಇದರ ಬೇರು ವಿಮಾನಕ್ಕಿಂತ ಹಳೆಯದು. 1793ರ ಜನವರಿ 9ರಂದು ಫ್ರೆಂಚ್ ಬಲೂನುಗಾರ ಬ್ಲಾಂಚಾರ್ಡ್ ಫಿಲಡೆಲ್ಫಿಯಾದಿಂದ ಮೇಲೇರಿದಾಗ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ; ಇಳಿದ ಕಡೆ ಜನ ನೆರವಾಗಲೆಂದು ಜಾರ್ಜ್ ವಾಷಿಂಗ್ಟನ್ ಒಂದು ಪತ್ರ ಕೊಟ್ಟಿದ್ದರು. ಮೊದಲ ಮಹಾಯುದ್ಧದ ಕಾಲಕ್ಕೆ ಮೆಸೊಪೊಟೇಮಿಯಾದಲ್ಲಿ, ಆಮೇಲೆ ವಾಯವ್ಯ ಗಡಿಯಲ್ಲಿ ಹಾರುತ್ತಿದ್ದ ಬ್ರಿಟಿಷ್ ಪೈಲಟ್‌ಗಳ ಜೇಬಿನಲ್ಲೂ ಇಂಥವಿದ್ದವು. ಚೀನಾದ ಪರ ಹೋರಾಡಿದ ಅಮೆರಿಕನ್ ಫ್ಲೈಯಿಂಗ್ ಟೈಗರ್ಸ್ ಇದನ್ನು ಜಾಕೆಟ್ಟಿನ ಬೆನ್ನಿಗೇ ಹೊಲಿಸಿಕೊಂಡರು: ಮೇಲೆ ಚೀನಾದ ಬಾವುಟ, ಕೆಳಗೆ ಚೀನೀ ಅಕ್ಷರಗಳು. ಅಮೆರಿಕನ್ನರಿಗಾಗಿ ಭಾರತದ ಚರ್ಮದ ಕೆಲಸಗಾರರೂ ದರ್ಜಿಗಳೂ ಇಂಥವನ್ನು ಕೈಯಲ್ಲೇ ಮಾಡಿಕೊಟ್ಟರು. ಹೆಸರಿಲ್ಲದ ಆ ದರ್ಜಿಗಳ ಹೊಲಿಗೆ ಇಂದು ಹೊರದೇಶಗಳ ಹರಾಜಿನಲ್ಲಿ ದುಬಾರಿ ಬೆಲೆಗೆ ಹೋಗುತ್ತದೆ.

ಬೆಲೆ ಬಂದಲ್ಲಿ ನಕಲಿಯೂ ಬರುತ್ತದೆ. ಹೊರದೇಶದ ಮಾರಾಟಗಾರನೊಬ್ಬನಿಂದ ಒಂದು ತಿಂಗಳ ಪಿಂಚಣಿ ಸುರಿದು ಕೊಂಡ ರೇಷ್ಮೆ ಚೀಟಿಯನ್ನು ರಾತ್ರಿ ನೇರಳಾತೀತ ದೀಪದಡಿ ಹಿಡಿದೆ. ಅಂಚಿನ ದಾರವೆಲ್ಲ ನೀಲಿಬಿಳಿಯಾಗಿ ಹೊಳೆಯಿತು. ಬಟ್ಟೆಗೆ ಹೊಳಪು ಕೊಡುವ ಆ ರಾಸಾಯನಿಕ ಬಳಕೆಗೆ ಹಬ್ಬಿದ್ದು ಯುದ್ಧದ ನಂತರ. ಇಂದಿನ ಸೋಪಿನ ಪುಡಿಯಲ್ಲಿ ಒಗೆದ ಹಳೆಯ ಬಟ್ಟೆಯೂ ಹೀಗೆ ಹೊಳೆಯಬಹುದೆಂದು ಭೂತಗನ್ನಡಿ ಹಿಡಿದು ನೋಡಿದೆ: ದಾರ ಮಾತ್ರ ಹೊಳೆಯುತ್ತಿತ್ತು, ರೇಷ್ಮೆ ಇಲ್ಲ. ಮೋಸವೇ. ಅಂದು ನಿದ್ದೆ ಬರಲಿಲ್ಲ. ಹಣಕ್ಕಿಂತ, ಜೀವ ಬೇಡುವ ಮಾತನ್ನು ನಕಲು ಮಾಡಿ ಮಾರಿದರಲ್ಲ ಎಂಬ ಸಂಕಟ.

ಈ ಸಾಮಾನೆಲ್ಲ ಎಲ್ಲಿಗೆ ಬೇಕಿತ್ತು ಎಂಬುದಕ್ಕೆ ಅಸ್ಸಾಮಿನಿಂದ ಚೀನಾದ ಕುನ್ಮಿಂಗ್‌ಗೆ ಹಾರುವ ದಾರಿ ನೋಡಬೇಕು. ಪೈಲಟ್‌ಗಳು ಅದನ್ನು ‘ಹಂಪ್’ ಎಂದರು. 1942ರಿಂದ 1945ರವರೆಗೆ ಸುಮಾರು 6,50,000 ಟನ್ ಸರಕು ಆ ಪರ್ವತಗಳ ಮೇಲಿಂದ ಹೋಯಿತು. ಸುಮಾರು 600 ವಿಮಾನಗಳು ಕಳೆದುಹೋದವು. 1943ರ ಆಗಸ್ಟ್ 2ರಂದು 21 ಜನರಿದ್ದ ಸಿ-46 ವಿಮಾನದ ಎಂಜಿನ್ ಕೆಟ್ಟಿತು. ಅದರಲ್ಲಿ ರೇಡಿಯೋ ವರದಿಗಾರ ಎರಿಕ್ ಸೆವರೀಡ್ ಇದ್ದರು. 20 ಮಂದಿ ಪ್ಯಾರಾಚೂಟಿನಲ್ಲಿ ಹಾರಿ ಉಳಿದರು, ಸಹಪೈಲಟ್ ಸತ್ತರು. ಅವರು ಬಿದ್ದದ್ದು ನಾಗಾ ಬೆಟ್ಟಗಳ ಪಾಂಗ್ಷಾದ ಬಳಿ. ತಲೆ ಕಡಿಯುವವರ ಊರೆಂದು 1936ರಲ್ಲಿ ಬ್ರಿಟಿಷರು ದಂಡು ಕಟ್ಟಿಕೊಂಡು ಹೋಗಿದ್ದ ಹಳ್ಳಿ ಅದು. ಅದೇ ಊರಿನವರು ಇವರಿಗೆ ಆಸರೆ ಕೊಟ್ಟರು. ಡಾನ್ ಫ್ಲಿಕಿಂಜರ್ ಎಂಬ ವೈದ್ಯರು ಇಬ್ಬರು ಸಹಾಯಕರೊಡನೆ ಅವರಿದ್ದಲ್ಲಿಗೇ ಪ್ಯಾರಾಚೂಟಿನಲ್ಲಿ ಧುಮುಕಿದರು. ತಂಡ ಕೊನೆಗೆ ಕಾಲುಹಾದಿಯಲ್ಲೇ ಹೊರಬಂತು. ಪೈಲಟ್‌ನ ಜೇಬಿನಲ್ಲಿ ಏನೇ ಇದ್ದರೂ ಕೊನೆಗೆ ಅವನನ್ನು ಉಳಿಸಿದ್ದು ಬಾಗಿಲು ತೆರೆದ ಮನೆ. ಸಂಗ್ರಹದ ಪುಸ್ತಕಗಳಲ್ಲಿ ಜೇಬಿನ ಸಾಮಾನಿನ ಪಟ್ಟಿ ಉದ್ದಕ್ಕಿರುತ್ತದೆ, ಆ ಮನೆಯವರಿಗೆ ಒಂದು ಸಾಲೂ ಇರುವುದಿಲ್ಲ. ಇದು ಸರಿಯಲ್ಲ.

ಯುದ್ಧಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಅಟ್ಟದ ಮೇಲಿನ ಟ್ರಂಕು ತೆಗೆದು ನೋಡಿ. ತೂತಿರುವ ಕನ್ನಡಿ, ಮಡಿಚುವ ಮಚ್ಚು, ಅಕ್ಷರವಿರುವ ಬಟ್ಟೆಯ ತುಂಡು ಸಿಕ್ಕರೆ ಗುಜರಿಗೆ ಹಾಕಬೇಡಿ, ಒಗೆಯಬೇಡಿ. ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ದಿಕ್ಸೂಚಿಯಾದರೆ ಬಿಚ್ಚಲೇಬೇಡಿ. ಹೊಳಪು ಆರಿದ್ದರೂ ಅದರ ರೇಡಿಯಂ ಹಾಗೇ ಇರುತ್ತದೆ. ತಂದವರು ಯಾರು, ಯಾವ ವರ್ಷ ಎಂದು ಒಂದು ಚೀಟಿ ಬರೆದು ಅದರ ಜೊತೆಗಿಡಿ.