ತಯಾರಿಕೆ ನಿಂತಿರುವ ಮಾದರಿಯ ಹಳೆಯ ಮೋಟಾರು ಸೈಕಲ್ ಖರೀದಿ ಮತ್ತು ಮಾಲೀಕತ್ವ ವರ್ಗಾವಣೆ: ಜಾವಾ ಹಾಗೂ ಯೆಜ್ಡಿ ವಾಹನಗಳ ಬಗ್ಗೆ ಸಾರ್ವಜನಿಕ ಮಾಹಿತಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಹಾಗೂ ಯೆಜ್ಡಿ ಮೋಟಾರು ಸೈಕಲ್‌ಗಳು ರಾಜ್ಯದಲ್ಲಿ ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಸದರಿ ವಾಹನಗಳನ್ನು ಖರೀದಿಸುವವರು ಹಣ ಸಂದಾಯ ಮಾಡಿದ ನಂತರ ದಾಖಲೆಗಳ ನ್ಯೂನತೆಯಿಂದಾಗಿ ಮಾಲೀಕತ್ವವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲಾಗದೆ ತೊಂದರೆಗೆ ಒಳಗಾಗುವುದುಂಟು. ಆದುದರಿಂದ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಹಾಗೂ ಅರ್ಜಿ ಸಲ್ಲಿಸುವ ಕ್ರಮವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ. ತಯಾರಿಕೆ ನಿಂತಿರುವ ಇತರ ದ್ವಿಚಕ್ರ ವಾಹನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಯಾವ ವಾಹನಗಳು

ಕಾರ್ಖಾನೆಯು ಮೊದಲು ಜಾವಾ ಹೆಸರಿನಲ್ಲಿ ವಾಹನಗಳನ್ನು ತಯಾರಿಸುತ್ತಿತ್ತು. 1973ರಿಂದ ಯೆಜ್ಡಿ ಎಂಬ ಹೆಸರು ಬಳಕೆಗೆ ಬಂದಿತು. ಕ್ಲಾಸಿಕ್, ರೋಡ್‌ಕಿಂಗ್, ಡೀಲಕ್ಸ್, ಸಿಎಲ್-2, ಮೊನಾರ್ಕ್ ಇವು ಪ್ರಮುಖ ಮಾದರಿಗಳು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರಿನಲ್ಲಿ 2018ರಲ್ಲಿ ಹಾಗೂ ಯೆಜ್ಡಿ ಹೆಸರಿನಲ್ಲಿ 2022ರಲ್ಲಿ ಬೇರೊಂದು ಸಂಸ್ಥೆಯು ಮಾರುಕಟ್ಟೆಗೆ ತಂದ ವಾಹನಗಳು ನಾಲ್ಕು ಸ್ಟ್ರೋಕ್ ಎಂಜಿನ್ನಿನ ಹೊಸ ವಿನ್ಯಾಸದವು. ಮೈಸೂರಿನ ಹಳೆಯ ವಾಹನಗಳದ್ದು ಎರಡು ಸ್ಟ್ರೋಕ್ ಎಂಜಿನ್. ಹೆಸರು ಒಂದೇ ಆದ ಮಾತ್ರಕ್ಕೆ ಹೊಸ ವಾಹನದ ಎಂಜಿನ್ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. "ಕಂಪನಿ ಮತ್ತೆ ಪ್ರಾರಂಭವಾಗಿದೆ, ಬಿಡಿಭಾಗಕ್ಕೆ ತೊಂದರೆಯಿಲ್ಲ" ಎಂಬ ಮಾರಾಟಗಾರರ ಮಾತನ್ನು ಈ ಹಿನ್ನೆಲೆಯಲ್ಲಿ ಗ್ರಹಿಸತಕ್ಕದ್ದು.

ತಯಾರಕರು ಇಲ್ಲದಿರುವುದರ ಪರಿಣಾಮ ಬಿಡಿಭಾಗಗಳಿಗಷ್ಟೇ ಸೀಮಿತವಲ್ಲ. ಮೂಲ ಮಾರಾಟ ಪ್ರಮಾಣ ಪತ್ರ, ರಸ್ತೆ ಯೋಗ್ಯತಾ ಪ್ರಮಾಣ ಪತ್ರ ಮುಂತಾದ ದಾಖಲೆಗಳು ಕಳೆದುಹೋಗಿದ್ದಲ್ಲಿ ಅವುಗಳನ್ನು ಪುನಃ ನೀಡುವವರು ಯಾರೂ ಇರುವುದಿಲ್ಲ. ಹೀಗಾಗಿ ಇಂತಹ ವಾಹನಕ್ಕೆ ನೋಂದಣಿ ಪ್ರಾಧಿಕಾರದಲ್ಲಿರುವ ದಾಖಲೆಯೇ ಮುಖ್ಯ ಆಧಾರ. ಆ ದಾಖಲೆಯೂ ಲಭ್ಯವಿಲ್ಲದ ವಾಹನವನ್ನು, ಅದು ಎಷ್ಟೇ ಸುಸ್ಥಿತಿಯಲ್ಲಿದ್ದರೂ, ರಸ್ತೆಯಲ್ಲಿ ಬಳಸುವ ಉದ್ದೇಶದಿಂದ ಖರೀದಿಸದಿರುವುದು ಸೂಕ್ತ.

ನೋಂದಣಿ ದಾಖಲೆಯ ಪರಿಶೀಲನೆ

ಮಾರಾಟಗಾರರು ತೋರಿಸುವ ನೋಂದಣಿ ಪ್ರಮಾಣ ಪತ್ರವನ್ನು ಮಾತ್ರ ನಂಬದೆ, ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ನೋಂದಣಿ ವಹಿಯ ದೃಢೀಕೃತ ನಕಲನ್ನು, ಅಂದರೆ ರೂಢಿಯಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ ಎನ್ನಲಾಗುವ ಪ್ರತಿಯನ್ನು ಪಡೆಯುವುದು ಒಳ್ಳೆಯದು. ನೋಂದಾಯಿತ ಮಾಲೀಕರ ಹೆಸರು, ಎಂಜಿನ್ ಹಾಗೂ ಚಾಸಿ ಸಂಖ್ಯೆ, ತಯಾರಿಕೆಯ ವರ್ಷ, ಪಾವತಿಸಿರುವ ತೆರಿಗೆ, ಸಾಲದ ನಮೂದು ಇವುಗಳನ್ನು ಅದರಿಂದ ತಿಳಿಯಬಹುದು.

ಮೋಟಾರು ವಾಹನಗಳ ಅಧಿನಿಯಮ, 1988 ಜಾರಿಗೆ ಬಂದ 1989ರ ಜುಲೈ 1ರ ನಂತರ ರಾಜ್ಯದಲ್ಲಿ ಕೆಎ ಸರಣಿಯ ಸಂಖ್ಯೆಗಳು ಬಳಕೆಗೆ ಬಂದವು. ಅದಕ್ಕೂ ಹಿಂದಿನ ಜಾವಾ, ಯೆಜ್ಡಿ ವಾಹನಗಳಲ್ಲಿ ಹಳೆಯ ಸರಣಿಯ ಸಂಖ್ಯೆಗಳೇ ಇರುತ್ತವೆ. ಅಂತಹ ವಾಹನಗಳ ವಿವರಗಳು ಕಾಗದದ ವಹಿಗಳಲ್ಲಿ ಮಾತ್ರ ಇದ್ದು, ವಾಹನ್ ತಂತ್ರಾಂಶದಲ್ಲಿ ಇನ್ನೂ ಸೇರ್ಪಡೆಯಾಗದಿರುವ ಸಂಭವವಿದೆ. ಅಂತರ್ಜಾಲದಲ್ಲಿ ಸಂಖ್ಯೆಯನ್ನು ನಮೂದಿಸಿದಾಗ ವಿವರ ದೊರೆಯದಿದ್ದರೆ ವಾಹನವು ನಕಲಿಯೆಂದು ಭಾವಿಸಬೇಕಾಗಿಲ್ಲ. ಹಾಗೆಯೇ, ಎಲ್ಲವೂ ಸರಿಯಿದೆಯೆಂದೂ ಭಾವಿಸಬಾರದು. ಮೂಲ ಕಚೇರಿಗೆ ಖುದ್ದಾಗಿ ಹೋಗಿ ವಹಿಯನ್ನು ಪರಿಶೀಲಿಸಲು ಕೋರಿ, ಹಳೆಯ ದಾಖಲೆಯನ್ನು ತಂತ್ರಾಂಶಕ್ಕೆ ಸೇರಿಸಿದ ಬಳಿಕವೇ ವರ್ಗಾವಣೆಯ ಅರ್ಜಿ ಸಲ್ಲಿಸತಕ್ಕದ್ದು. ಮಾರಾಟದ ಮಾತುಕತೆಗೆ ಮುನ್ನವೇ ಈ ಕೆಲಸವನ್ನು ಮಾಲೀಕರಿಂದಲೇ ಮಾಡಿಸುವುದು ಖರೀದಿದಾರರಿಗೆ ಕ್ಷೇಮಕರ.

ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ವಾಹನದ ಮೇಲೆಯೇ ಹಗಲು ಬೆಳಕಿನಲ್ಲಿ ಓದಿ ದಾಖಲೆಯೊಂದಿಗೆ ಹೋಲಿಸತಕ್ಕದ್ದು. ದಪ್ಪ ಬಣ್ಣ ಅಥವಾ ತುಕ್ಕು ಮುಚ್ಚಿರುವ ಕಡೆ ಸ್ವಚ್ಛಗೊಳಿಸಲು ಮಾರಾಟಗಾರರು ಒಪ್ಪದಿದ್ದಲ್ಲಿ ವ್ಯವಹಾರವನ್ನು ಮುಂದುವರಿಸಬಾರದು. ಎರಡು ಮೂರು ವಾಹನಗಳ ಭಾಗಗಳನ್ನು ಕೂಡಿಸಿ ಒಂದು ವಾಹನ ಸಿದ್ಧಪಡಿಸುವುದು ಈ ಮಾದರಿಗಳಲ್ಲಿ ಅಪರೂಪವೇನಲ್ಲ. ಎಂಜಿನ್ ಬದಲಾಗಿದ್ದರೆ ಅದಕ್ಕೆ ನೋಂದಣಿ ಪ್ರಾಧಿಕಾರದ ಅನುಮೋದನೆ ಹಾಗೂ ಪ್ರಮಾಣ ಪತ್ರದಲ್ಲಿ ನಮೂದು ಅವಶ್ಯ. ಕಳವಾದ ವಾಹನವೆಂದು ತಿಳಿದು ಅಥವಾ ತಿಳಿಯಲು ಕಾರಣವಿದ್ದೂ ಅದನ್ನು ಪಡೆಯುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 317ರ ಅಡಿಯಲ್ಲಿ ಅಪರಾಧವಾಗುತ್ತದೆ. ವಾಹನದ ಮೇಲೆ ಕಳವಿನ ದೂರು ಇದೆಯೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ನಿರಾಕ್ಷೇಪಣಾ ಪತ್ರ ಸೇವೆಯಲ್ಲಿ ಪರಿಶೀಲಿಸಿಕೊಳ್ಳಬಹುದು.

ಸಹಿ ಮಾಡಿದ ಖಾಲಿ ನಮೂನೆಗಳು

ಅತಿ ಹೆಚ್ಚಿನ ತೊಡಕು ಉಂಟಾಗುವುದು ಇಲ್ಲಿ. ನೋಂದಾಯಿತ ಮಾಲೀಕರು ಹಿಂದೆ ಎಂದೋ ನಮೂನೆ 29 ಮತ್ತು 30ಕ್ಕೆ ದಿನಾಂಕವಿಲ್ಲದೆ ಸಹಿ ಹಾಕಿ ವಾಹನವನ್ನು ಒಪ್ಪಿಸಿರುತ್ತಾರೆ. ಅದೇ ಕಾಗದಗಳೊಂದಿಗೆ ವಾಹನವು ಮೂರು ನಾಲ್ಕು ಜನರ ಕೈ ದಾಟಿರುತ್ತದೆ. ಈಗ ಮಾರುತ್ತಿರುವವರ ಹೆಸರು ದಾಖಲೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಸದರಿ ವಾಹನ ಇಂದಿಗೂ ಮೊದಲ ಮಾಲೀಕರದ್ದೇ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು ಹಾಗೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆಗಾರರು ಎಂದು ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ತೀರ್ಪು ನೀಡಿದೆ. ಆ ಪ್ರಕರಣದಲ್ಲಿಯೂ ವಾಹನವು ಹೆಸರು ವರ್ಗಾವಣೆಯಾಗದೆ ಒಬ್ಬರಿಂದ ಒಬ್ಬರಿಗೆ ಮಾರಾಟವಾಗಿತ್ತು. ಹತ್ತಾರು ವರ್ಷಗಳ ಹಿಂದೆ ಯೆಜ್ಡಿಯನ್ನು ಮಾರಿ ಮರೆತಿರುವವರೂ ತಮ್ಮ ಹೆಸರು ದಾಖಲೆಯಲ್ಲಿ ಉಳಿದಿದೆಯೇ ಎಂದು ವಿಚಾರಿಸಿಕೊಳ್ಳುವುದು ಅವರ ಹಿತದೃಷ್ಟಿಯಿಂದ ಅವಶ್ಯ.

ಖರೀದಿದಾರರು ನೋಂದಾಯಿತ ಮಾಲೀಕರನ್ನು ಖುದ್ದಾಗಿ ಭೇಟಿಯಾಗಿ, ಅವರ ಗುರುತಿನ ದಾಖಲೆಯನ್ನು ನೋಡಿ, ತಮ್ಮ ಸಮಕ್ಷಮದಲ್ಲಿ ಸಹಿ ಪಡೆಯತಕ್ಕದ್ದು. ಮಾಲೀಕರು ಮೃತರಾಗಿದ್ದಲ್ಲಿ ಅವರು ಹಿಂದೆ ಹಾಕಿದ ಸಹಿಯನ್ನು ಬಳಸುವಂತಿಲ್ಲ. ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಹಾಗೂ ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ವಾರಸುದಾರರಲ್ಲಿ ಒಬ್ಬರು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ತದನಂತರವೇ ಅವರಿಂದ ಖರೀದಿದಾರರಿಗೆ ವರ್ಗಾವಣೆ ಸಾಧ್ಯ. ತಂದೆಯ ಕಾಲದ ಗಾಡಿಯನ್ನು ಮಾರಲು ಅಣ್ಣತಮ್ಮಂದಿರಲ್ಲಿ ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದೆ ಅರ್ಜಿ ನಿಂತುಹೋಗುವ ಸಂಭವವಿರುವುದರಿಂದ, ಮುಂಗಡ ಕೊಡುವ ಮುನ್ನ ಎಲ್ಲ ವಾರಸುದಾರರ ಲಿಖಿತ ಒಪ್ಪಿಗೆಯನ್ನು ನೋಡುವುದು ಲೇಸು. ಪೊಲೀಸ್ ಅಥವಾ ಸರ್ಕಾರಿ ಹರಾಜಿನಲ್ಲಿ ಪಡೆದ ವಾಹನಕ್ಕೆ ನಮೂನೆ 32 ಅನ್ವಯಿಸುತ್ತದೆ.

ವರ್ಗಾವಣೆಯ ಅರ್ಜಿ

ಅಧಿನಿಯಮದ ಕಲಂ 50ರ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಾಟಗಾರರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಖರೀದಿದಾರರು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ಅರ್ಜಿಯೊಂದಿಗೆ ನಮೂನೆ 29 ಮತ್ತು 30, ಮೂಲ ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ, ಮಾಲಿನ್ಯ ತಪಾಸಣಾ ಪತ್ರ ಹಾಗೂ ವಿಳಾಸದ ಪುರಾವೆಯನ್ನು ಲಗತ್ತಿಸತಕ್ಕದ್ದು. ಪ್ರಮಾಣ ಪತ್ರ ಕಳೆದಿದ್ದಲ್ಲಿ ನೋಂದಾಯಿತ ಮಾಲೀಕರೇ ನಮೂನೆ 26ರಲ್ಲಿ ನಕಲು ಪ್ರತಿ ಪಡೆಯಬೇಕು. ಸಾಲದ ನಮೂದು ಇನ್ನೂ ಉಳಿದಿದ್ದಲ್ಲಿ ನಮೂನೆ 35 ಬೇಕು. ಸಾಲ ನೀಡಿದ ಸಂಸ್ಥೆಯೂ ಮುಚ್ಚಿರುವ ಸಾಧ್ಯತೆ ಇರುವುದರಿಂದ ಈ ಅಂಶವನ್ನು ಮೊದಲೇ ನೋಡಿಕೊಳ್ಳುವುದು ಒಳಿತು.

ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನವಾದರೆ ಅಲ್ಲಿನ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆದು, ಇಲ್ಲಿ ನಮೂನೆ 27ರಲ್ಲಿ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು. ರಾಜ್ಯದ ತೆರಿಗೆಯನ್ನೂ ಪಾವತಿಸಬೇಕು.

ನವೀಕರಣದ ವೆಚ್ಚ

ನೋಂದಣಿಯ ಅವಧಿ 15 ವರ್ಷ. ಆ ಬಳಿಕ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳತಕ್ಕದ್ದು. ಮೋಟಾರು ಸೈಕಲ್ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 1,000 ರೂಪಾಯಿಗಳಿಗೆ ಹಾಗೂ 20 ವರ್ಷ ಮೀರಿದವುಗಳಿಗೆ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗಳಿಗೆ ಕೇಂದ್ರ ಸರ್ಕಾರವು ಹೆಚ್ಚಿಸಿತು. ನವೀಕರಣದಲ್ಲಿ ವಿಳಂಬವಾದಲ್ಲಿ ಪ್ರತಿ ತಿಂಗಳಿಗೆ 300 ರೂಪಾಯಿಗಳ ಹೆಚ್ಚುವರಿ ಶುಲ್ಕವನ್ನೂ 2022ರ ನಿಯಮಗಳು ವಿಧಿಸಿವೆ. ಇದರೊಂದಿಗೆ ರಾಜ್ಯದ ಹಸಿರು ತೆರಿಗೆಯೂ ಸೇರುತ್ತದೆ. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ವಾಹನವನ್ನು ಅಗ್ಗವೆಂದು ಕೊಳ್ಳುವವರು ಈ ಮೊತ್ತವನ್ನು ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಂಡು ಬೆಲೆ ನಿಗದಿಪಡಿಸಿಕೊಳ್ಳಬೇಕು. ನೋಂದಣಿಯನ್ನು ಮಾಲೀಕರೇ ಹಿಂದೆ ರದ್ದುಪಡಿಸಿದ್ದರೆ ಆ ವಾಹನವನ್ನು ಬಿಡಿಭಾಗಗಳ ಮೂಲವೆಂದು ಮಾತ್ರ ಪರಿಗಣಿಸುವುದು ಯುಕ್ತ.

ವಾಹನದ ಸ್ಥಿತಿ

ತಪಾಸಣೆಯಲ್ಲಿ ಬ್ರೇಕ್, ದೀಪ, ಹಾರ್ನ್, ಚಕ್ರಗಳ ಸ್ಥಿತಿಯನ್ನು ನೋಡಲಾಗುತ್ತದೆ. ಈ ವಾಹನಗಳಲ್ಲಿ ಕಿಕ್ ಹಾಗೂ ಗೇರ್ ಎರಡಕ್ಕೂ ಒಂದೇ ಲಿವರ್ ಇದ್ದು, ಅದು ಸವೆದಿದ್ದಲ್ಲಿ ಚಾಲು ಮಾಡುವಾಗ ಜಾರುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಚಾಲು ಮಾಡಿ ನೋಡುವುದು ಸರಳವಾದ ಪರೀಕ್ಷೆ. ಪೆಟ್ರೋಲಿನೊಂದಿಗೆ ಎಣ್ಣೆ ಬೆರೆಸುವ ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಸ್ವಲ್ಪ ಹೊಗೆ ಸಹಜ. ಆದರೆ 2000ದ ಮಾರ್ಚ್ 31 ಅಥವಾ ಅದಕ್ಕೂ ಮುನ್ನ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡ 4.5 ಆಗಿದ್ದು, ಅದನ್ನು ಮೀರಿದರೆ ಮಾಲಿನ್ಯ ತಪಾಸಣಾ ಪತ್ರ ದೊರೆಯುವುದಿಲ್ಲ. ಹಳೆಯ ಮಾದರಿಗಳ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಮೈಸೂರು, ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಖರೀದಿಗೆ ಮುನ್ನ ಅವರಲ್ಲೊಬ್ಬರಿಗೆ ವಾಹನ ತೋರಿಸುವುದರಿಂದ ಉಳಿತಾಯವೇ ಹೆಚ್ಚು.

ವಿಂಟೇಜ್ ನೋಂದಣಿ

50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನಗಳಿಗೆ 2021ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಲಾಯಿತು. ಜಾವಾ ಹೆಸರಿನ ಮೊದಲ ವಾಹನಗಳು ಈ ವಯೋಮಿತಿಯನ್ನು ದಾಟಿವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂತರದ ನವೀಕರಣಕ್ಕೆ 5,000 ರೂಪಾಯಿ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ತಮ್ಮ ಮೂಲ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ವಾಹನವನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಹಾಗೂ ದುರಸ್ತಿಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯ ಕೆಲಸಕ್ಕೆ ಹೋಗಿಬರಲು ವಾಹನ ಬೇಕಾದವರು ಈ ನೋಂದಣಿಗೆ ಹೋಗದೆ ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಳ್ಳತಕ್ಕದ್ದು.

ವಿಮೆ ಮತ್ತು ಸಂಖ್ಯಾ ಫಲಕ

ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ವರ್ಗಾವಣೆಯಾದ 14 ದಿನಗಳೊಳಗೆ ವಿಮಾ ಪತ್ರದಲ್ಲಿ ಹೆಸರು ಬದಲಾವಣೆಗೆ ಖರೀದಿದಾರರು ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಲು ರಾಜ್ಯ ಸರ್ಕಾರವು 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿದೆ. ತಯಾರಕರಿಲ್ಲದ ವಾಹನಗಳಿಗೆ ಫಲಕವನ್ನು ಯಾರಿಂದ ಪಡೆಯಬೇಕೆಂಬುದನ್ನು ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಅಧಿಕೃತ ಜಾಲತಾಣದ ಮೂಲಕವೇ ಹಣ ಪಾವತಿಸತಕ್ಕದ್ದು.